ಉಡಿದಾರದ ಅಳತೆ

ಗಾವಡಗೆರೆಯಿಂದ ಒಳಗೆ ತಿರುಗುವ ರಸ್ತೆಯಲ್ಲಿರುವ ಆ ಊರಿನಲ್ಲಿ ಗುರುಶಾಂತಮ್ಮನಿಗೆ ಎದುರು ಮಾತಾಡುವವರು ಕಡಿಮೆ. ಮನೆಯೊಳಗೆ ಆ ಕೆಲಸ ಮಾಡಬೇಕಾಗಿದ್ದವನು ಗಂಡ ಗುರುಮಲ್ಲಪ್ಪ. ಅವನು ಎಷ್ಟೋ ವರ್ಷದ ಹಿಂದೆಯೇ ತನ್ನ ಕಿವಿ ಮಂದವಾಯಿತೆಂದು ಸಾರಿ ಆರಾಮವಾಗಿಬಿಟ್ಟಿದ್ದ. ಕಾಫಿ ಲೋಟ ಜಗಲಿಯ ಮೇಲಿಟ್ಟ ಸದ್ದು ಮಾತ್ರ ಅವನಿಗೆ ಹಿತ್ತಲಲ್ಲಿದ್ದರೂ ಕೇಳುತ್ತಿತ್ತು. ಮಗ ಶಿವಶಂಕರನಿಗೆ ಮಳೆಗಾಲ ಬಂತೆಂದರೆ ಹೊಗೆಸೊಪ್ಪಿನ ಬ್ಯಾರನ್ನೇ ಮನೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಮನೆಯ ಪಕ್ಕದ ಆ ಎತ್ತರದ ಕಟ್ಟಡದೊಳಗೆ ನೇತುಹಾಕಿ, ಹೊರಗಿನ ಒಲೆಗೆ ಸೌದೆ ತಳ್ಳುತ್ತ ಕೂರಬೇಕು. ಶಾಖ ಇಳಿದರೂ ಕೆಟ್ಟಿತು, ಏರಿದರೂ ಕೆಟ್ಟಿತು. ಸೊಪ್ಪು ಒಣಗಿ ಇಳಿಯುವ ತನಕ ಒಲೆ ಬಿಟ್ಟು ಕದಲುವ ಹಾಗಿಲ್ಲ.

ಇಂಥ ಹೊತ್ತಿನಲ್ಲಿ, ಭೀಮನ ಅಮಾವಾಸ್ಯೆಗೆ ಮುಂಚೆ, ಸೊಸೆ ಪವಿತ್ರಳಿಗೆ ಎರಡನೆಯ ಹೆರಿಗೆಯಾಯಿತು. ಮೊದಲನೆಯದು ತವರಿನಲ್ಲಿ, ಕೆ.ಆರ್. ನಗರದ ಕಡೆ ಆಗಿತ್ತು. ಎರಡನೆಯದು ಅತ್ತೆ ಮನೆಯದು ಎಂಬುದು ಪದ್ಧತಿ. ಹೆಣ್ಣು ಕೂಸು. ದಿನ ತುಂಬುವ ಮೊದಲೇ ಬಂದದ್ದರಿಂದ ಎರಡು ಕೆಜಿಯೂ ತೂಗಲಿಲ್ಲ. ಹುಣಸೂರಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಹಾಲು ಕುಡಿಯುವುದು ರೂಢಿಯಾದ ಮೇಲೆ ಮನೆಗೆ ಕಳಿಸಿದರು. ಕಳಿಸುವಾಗ ನರ್ಸ್ ಪವಿತ್ರಳಿಗೆ ಕಲಿಸಿದ್ದಳು: ಕೂಸನ್ನು ಬರೀ ಮೈಯಲ್ಲಿ ನಿನ್ನ ಬರೀ ಎದೆಗೆ ಆನಿಸಿಕೊಂಡು ಮೇಲೆ ಬಟ್ಟೆ ಸುತ್ತಿಕೋ, ತಲೆಗೆ ಟೋಪಿ, ಕಾಲಿಗೆ ಸಾಕ್ಸು, ನಿನ್ನ ಮೈಯ ಕಾವೇ ಅದಕ್ಕೆ ಸಾಕು. ಇದಕ್ಕೆ ಕಾಂಗರೂ ಆರೈಕೆ ಅಂತಾರೆ.

ಮನೆಗೆ ಬಂದರೆ ಬಾಣಂತಿ ಕೋಣೆ ಸಿದ್ಧವಾಗಿತ್ತು. ಕಿಟಕಿಗೆ ಗೋಣಿಚೀಲ, ಬಾಗಿಲಿಗೆ ಕಂಬಳಿ. ಹಗ್ಗದ ಮಂಚದ ಕೆಳಗೆ ಅಗ್ಗಿಷ್ಟಿಕೆ, ಅದರ ತುಂಬ ಬ್ಯಾರನ್ ಒಲೆಯಿಂದ ತಂದ ಕೆಂಡ. ಪವಿತ್ರ ಒಳಗೆ ಕಾಲಿಟ್ಟವಳೇ ಕೆಮ್ಮಿದಳು.

"ಅತ್ತೆ, ಕೆಂಡ ಬ್ಯಾಡ ಅಂದವ್ರೆ ಆಸ್ಪತ್ರೇಲಿ. ಮುಚ್ಚಿದ್ ಕ್ವಾಣೇಲಿ ಆ ಗಾಳಿ ಕೂಸಿನ ಉಸ್ರಿಗೆ ಆಗಲ್ವಂತೆ."

"ಹೊಗೆಸೊಪ್ಪಿನ ಮನೇಲಿ ಉಟ್ಟಿದ್ ಕೂಸು ಹೊಗೆಗೆ ಎದ್ರುಕಂಡ್ರೆ ಆಯ್ತದೇನವ್ವಾ? ನಾನು ಮೂರು ಎತ್ತಿವ್ನಿ. ಮೂರಕ್ಕೂ ಕಾವು ಕೊಟ್ಟಿದ್ದು ಇದೇ ಅಗ್ಗಿಷ್ಟಿಕೆ."

"ಎದೆಗೆ ಆನಿಸ್ಕಂಡ್ರೆ ಸಾಕಂತೆ. ಕಾಂಗರೂ ತರ."

"ಅದ್ಯಾವ್ದದು?"

"ಒಂದು ಪ್ರಾಣಿ. ಮರೀನ ಒಟ್ಟೆ ಚೀಲ್ದಲ್ಲಿ ಮಡಿಕಂಡಿರ್ತದೆ."

ಗುರುಶಾಂತಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಸರಿ ಓಯ್ತು. ಮನುಷ್ಯರು ಎತ್ತಿದ್ ಕೂಸ್ಗೆ ಪ್ರಾಣೀದು ಬಾಣಂತನ! ಮೈ ಬಿಟ್ಕಂಡು ಕುಂತ್ರೆ ನಿಂಗೇ ಶೀತ ಆಯ್ತದೆ ಕಣೆ, ಅಮ್ಯಾಲೆ ಇಬ್ರನ್ನೂ ನಾನೇ ನೋಡ್ಬೇಕು."

ಅಲ್ಲಿಂದ ಆ ಮನೆಯಲ್ಲಿ ಸದ್ದಿಲ್ಲದ ಒಂದು ಯುದ್ಧ ಶುರುವಾಯಿತು. ಗುರುಶಾಂತಮ್ಮ ಬೆಳಗ್ಗೆ ಕೆಂಡ ತಂದು ಮಂಚದ ಕೆಳಗಿಡುವಳು. ಅವಳು ಅಡುಗೆಮನೆಗೆ ಹೋದೊಡನೆ ಪವಿತ್ರ ಅದನ್ನು ಹಿತ್ತಲ ಬಾಗಿಲಾಚೆಗೆ ನೂಕಿ, ಕಿಟಕಿಯ ಗೋಣಿಯ ಒಂದು ಮೂಲೆ ಎತ್ತಿ, ಕೂಸನ್ನು ಎದೆಗೆ ಕಟ್ಟಿಕೊಂಡು ಒರಗುವಳು. ಸಂಜೆಗೆ ಮತ್ತೆ ಕೆಂಡ. ಮತ್ತೆ ಹಿತ್ತಲು. ಹಿತ್ತಲಲ್ಲಿ ಅಗ್ಗಿಷ್ಟಿಕೆಯ ಪಕ್ಕ ಬೆಕ್ಕು ಮಾತ್ರ ಬಾಣಂತನ ಮಾಡಿಸಿಕೊಂಡು ದುಂಡಗಾಯಿತು. ಆಶಾ ಕಾರ್ಯಕರ್ತೆ ಮಾಯಮ್ಮ ಬಂದು ಕೂಸನ್ನು ತೂಗಿ "ವಸಿ ಏರದೆ, ಪರ್ವಾಗಿಲ್ಲ" ಎಂದಾಗ ಇಬ್ಬರೂ ಅದು ತಮ್ಮ ತಮ್ಮ ಕಾವಿನ ಫಲವೆಂದು ತಿಳಿದು ಸುಮ್ಮನಾದರು.

ಕೋಣೆಗೆ ಇನ್ನೊಂದು ಕಟ್ಟಳೆಯೂ ಇತ್ತು. ನಾಲ್ಕು ವರ್ಷದ ಹಿರಿಮಗಳು ಅನುಶ್ರೀ ಹೊಸಿಲು ದಾಟುವಂತಿರಲಿಲ್ಲ. ಅಂಗನವಾಡಿಯಿಂದ ನೆಗಡಿ ಹೊತ್ತು ತರುತ್ತಾಳೆ, ಕೂಸಿಗೆ ತಾಗುತ್ತದೆ ಎಂಬುದು ಕಾರಣ. ಇದನ್ನು ಪವಿತ್ರಳೂ ಒಪ್ಪಿದ್ದಳು, ಆಸ್ಪತ್ರೆಯಲ್ಲೂ ಹಾಗೇ ಹೇಳಿದ್ದರು. ಹೀಗಾಗಿ ತಾಯಿ ಮಗಳು ಮಾತಾಡುತ್ತಿದ್ದದ್ದು ಕಂಬಳಿಯ ಸಂದಿಯಲ್ಲಿ. ಕತ್ತಲೆ ಕೋಣೆಯೊಳಗಿಂದ ನೋಡಿದರೆ ಬಾಗಿಲಲ್ಲಿ ಒಂದು ಪುಟ್ಟ ನೆರಳು ಕಾಣುತ್ತಿತ್ತು, ಅಷ್ಟೇ.

"ಅಮ್ಮಾ, ಪಾಪು ಎದ್ದದಾ?"

"ಮಲಗದೆ ಚಿನ್ನ. ಉಂಡ್ಯಾ?"

"ಅಜ್ಜಿ ತುಪ್ಪ ಆಕಿತ್ತು."

ಅನುಶ್ರೀಯ ಊಟ, ಸ್ನಾನ, ನಿದ್ದೆ ಎಲ್ಲ ಅಜ್ಜಿಯ ಪಾಲಿಗೆ ಬಂದಿತ್ತು. ಗುರುಶಾಂತಮ್ಮ ಅದರಲ್ಲಿ ಒಂದು ಚೂರೂ ಕೊರತೆ ಮಾಡಿದವಳಲ್ಲ. ತಾಯಿಯಿಂದ ದೂರವಾದ ಮಗು ಸೊರಗಿತು ಎನಿಸಿಕೊಳ್ಳಬಾರದೆಂಬ ಹಟ ಬೇರೆ. ರಾಗಿಮುದ್ದೆಯ ತುತ್ತನ್ನು ತುಪ್ಪದಲ್ಲಿ ಹೊರಳಿಸಿ ಬಾಯಿಗಿಡುವಳು. ಮಗು ಬೇಡವೆಂದರೆ ಉಪ್ಪಿನಕಾಯಿಯ ರಸ ತೋರಿಸುವಳು, ಹಪ್ಪಳ ಸುಡುವಳು. ಆ ಹಟಕ್ಕೆ ಫಲವೂ ಕಂಡಿತು. ಸಣಕಲಾಗಿದ್ದ ಹುಡುಗಿಯ ಕೆನ್ನೆಗಳು ದಿನೇ ದಿನೇ ತುಂಬಿಕೊಂಡವು.

ಗುರುಶಾಂತಮ್ಮನ ಹತ್ತಿರ ತೂಕದ ಯಂತ್ರವಿರಲಿಲ್ಲ. ಅವಳ ಅಳತೆ ಮಗುವಿನ ಸೊಂಟದ ಕರಿಯ ಉಡಿದಾರ. ಅಮಾವಾಸ್ಯೆಗೆ ಹೊಸದಾರ ಕಟ್ಟುವಾಗ ದಾರಕ್ಕೂ ಹೊಟ್ಟೆಗೂ ನಡುವೆ ಎರಡು ಬೆರಳು ತೂರಿಸಿ ಗಂಟು ಹಾಕುವಳು. ಬೆರಳು ತೂರದಿದ್ದರೆ ಮಗು ಬೆಳೆದಿದೆ, ಕೈಯೇ ತೂರಿದರೆ ಸೊರಗಿದೆ. ತನ್ನ ಮೂರು ಮಕ್ಕಳನ್ನೂ ಹೀಗೇ ಅಳೆದು ದೊಡ್ಡವರನ್ನಾಗಿ ಮಾಡಿದ್ದಳು. ವರಮಹಾಲಕ್ಷ್ಮಿ ಹಬ್ಬದ ದಿನ ಎಣ್ಣೆ ಹಚ್ಚುವಾಗ ಅನುಶ್ರೀಯ ದಾರದೊಳಗೆ ಬೆರಳು ತೂರಲಿಲ್ಲ. ಗುರುಶಾಂತಮ್ಮನಿಗೆ ಹಬ್ಬ ಅಲ್ಲೇ ಆಯಿತು.

"ನೋಡ್ರಿ ಇಲ್ಲಿ! ನಿಮ್ ಮೊಮ್ಮಗಳು ಎಂಗ್ ಮೈ ಕೈ ತುಂಬ್ಕಂಡವ್ಳೆ!"

ಗುರುಮಲ್ಲಪ್ಪನಿಗೆ ಇದು ಕೇಳಿಸಿತು. ಬಂದು ನೋಡಿ, "ನಿನ್ ಕೈಗುಣ ಕಣೆ" ಎಂದ. ಹುಣ್ಣಿಮೆ ಕಳೆದ ಸೋಮವಾರ ಗಂಟನ್ನು ಮತ್ತೊಮ್ಮೆ ಸಡಿಲಿಸಬೇಕಾಯಿತು. ಆ ವಾರ ಬಂದ ಮಾಯಮ್ಮನೂ ಹುಡುಗಿಯ ಕೆನ್ನೆ ಹಿಂಡಿ, "ತಂಗಿ ಬಂದ್ಮೇಲೆ ಅಕ್ಕ ಬಡವಾಯ್ತಾಳೆ ಅಂತಾರೆ, ಇವ್ಳು ನೋಡಿ!" ಎಂದು ನಕ್ಕು ಹೋದಳು. ಸಂತೋಷದ ಸುದ್ದಿಯನ್ನು ಯಾರು ತಾನೇ ತಿರುವಿ ನೋಡುತ್ತಾರೆ?

"ತೂಕದ ಮಿಷಿನ್ನು ಸುಳ್ಳೇಳಬೌದು, ಉಡಿದಾರ ಸುಳ್ಳೇಳಲ್ಲ" ಎಂದು ಗುರುಶಾಂತಮ್ಮ ಕಂಬಳಿಯ ಈಚೆಯಿಂದ ಸೊಸೆಗೆ ಕೇಳುವ ಹಾಗೆ ಹೇಳಿದಳು.

ಬೆಳಗ್ಗೆ ಏಳುವಾಗ ಅನುಶ್ರೀಯ ಕಣ್ಣ ರೆಪ್ಪೆಗಳು ಊದಿಕೊಂಡು ಕಣ್ಣು ಕಿರಿದಾಗಿರುತ್ತಿದ್ದವು. "ಎಂಥಾ ನಿದ್ದೆ ನಿಂದು" ಎಂದು ಅಜ್ಜಿ ತಣ್ಣೀರು ಎರಚುವಳು. ಮಧ್ಯಾಹ್ನಕ್ಕೆ ಅದು ಇಳಿದಿರುತ್ತಿತ್ತು. ಸಂಜೆಯ ಹೊತ್ತಿಗೆ ಕಾಲಿನ ಬೆಳ್ಳಿ ಕಡಗ ಕಚ್ಚಿ ಹಿಡಿದಿರುತ್ತಿತ್ತು. "ಬೆಳ್ಳಿ ಸಣ್ಣಾಗೋಯ್ತು, ದೀಪಾವಳಿಗೆ ದೊಡ್ದು ಮಾಡುಸ್ಬೇಕು." ಒಂದು ದಿನ ಬಚ್ಚಲಿನಿಂದ ಹುಡುಗಿ ಕೂಗಿ ಕರೆದಳು. "ಅಜ್ಜೀ, ಬಾ ಇಲ್ಲಿ! ನನ್ ಉಚ್ಚೇಲಿ ಸೋಪಿನ್ ತರ ನೊರೆ ಬತ್ತದೆ!"

"ಥೂ, ಅದ್ನೇನ್ ನೋಡದು! ನೀರುಯ್ದು ಬಾ" ಎಂದಳು ಅಜ್ಜಿ. ಒಲೆಯ ಮೇಲೆ ಬಾಣಂತಿಯ ಮೆಣಸಿನ ಸಾರು ಉಕ್ಕುತ್ತಿತ್ತು.

ಅದಾಗಿ ಕೆಲವು ದಿನಕ್ಕೆ, ಮಧ್ಯಾಹ್ನ, ಗುರುಶಾಂತಮ್ಮ ಬ್ಯಾರನ್ನಿಗೆ ಊಟ ಕೊಡಲು ಹೋಗಿದ್ದಾಗ ಅನುಶ್ರೀ ಕಂಬಳಿ ಎತ್ತಿ ಸೀದಾ ಒಳಗೆ ಬಂದಳು. ಪವಿತ್ರ ಕೂಸನ್ನು ಆಗಷ್ಟೇ ಎದೆಯಿಂದ ಇಳಿಸಿ ಬಟ್ಟೆ ಸುತ್ತಿ ಮಲಗಿಸಿದ್ದಳು.

"ಅಮ್ಮಾ, ನನ್ನೂ ಅಂಗೇ ಆಕ್ಕ."

"ಎಂಗೆ?"

"ಪಾಪು ತರ. ಸೀರೆ ಒಳ್ಗೆ."

ಪವಿತ್ರಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ತಿಂಗಳಾಗುತ್ತ ಬಂದಿತ್ತು ಮಗಳನ್ನು ಮುಟ್ಟಿ. ನೆಗಡಿ ಇಲ್ಲವಷ್ಟೇ ಎಂದು ಮೂಗು ನೋಡಿ, "ಬಾ" ಎಂದಳು. ಹುಡುಗಿ ತಾನೇ ಅಂಗಿ ಕಳಚಿ ಎಸೆದು ಅಮ್ಮನ ಎದೆಯ ಮೇಲೆ ಬಿದ್ದುಕೊಂಡಳು. ಪವಿತ್ರ ಸೆರಗು ಹೊದಿಸಿ ಬೆನ್ನು ಸವರಿದಳು. ಕೈ ಕೆಳಗೆ ಜಾರಿ ಸೊಂಟಕ್ಕೆ ಬಂದಾಗ ಉಡಿದಾರ ಸಿಗಲಿಲ್ಲ. ಬೆರಳಾಡಿಸಿ ಹುಡುಕಿದಳು. ದಾರ ಮಾಂಸದೊಳಗೆ ಹೂತು, ಅದರ ಮೇಲೆ ಕೆಳಗೆ ಚರ್ಮ ದಿಂಬಿನ ಹಾಗೆ ಉಬ್ಬಿತ್ತು.

ಪವಿತ್ರ ಎದ್ದು ಕೂತಳು. ಕಿಟಕಿಯ ಗೋಣಿಯನ್ನು ಪೂರ್ತಿ ಕಿತ್ತು ಕೆಳಗೆ ಹಾಕಿದಳು. ಬೆಳಕು ಬಿತ್ತು. ಹೊಟ್ಟೆ ಬಿಗಿದು ಹೊಳೆಯುತ್ತಿತ್ತು. ಪಾದ ಬನ್ನಿನಂತೆ ಊದಿತ್ತು. ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ ಹೆಬ್ಬೆಟ್ಟು ಒತ್ತಿ ತೆಗೆದಳು. ಅಲ್ಲಿ ಗುಳಿ ಬಿತ್ತು. ಬಿದ್ದ ಗುಳಿ ಹಾಗೇ ಇತ್ತು.

ಗುರುಶಾಂತಮ್ಮ ಖಾಲಿ ಕ್ಯಾರಿಯರ್ ಹಿಡಿದು ಬಂದಾಗ ಬಾಣಂತಿ ಹಜಾರದ ಬೆಳಕಿನಲ್ಲಿ, ತಲೆಗೆ ಬಟ್ಟೆಯೂ ಇಲ್ಲದೆ ನಿಂತಿದ್ದಳು.

"ಅಯ್ಯಯ್ಯೋ, ಗಾಳೀಲಿ ಯಾಕ್ ಬಂದ್ಯೇ? ಒಳೀಕ್ ನಡಿ!"

"ಅತ್ತೆ, ಇವ್ಳಿಗೆ ಯಾವಾಗಿಂದ ಇಂಗಾಗದೆ?"

"ಎಂಗಾಗದೆ? ದಪ್ಪ ಆಗವ್ಳೆ. ತಾಯಿ ಕಣ್ಣೇ ಮಾರಿ ಕಣ್ಣಂತೆ, ದೃಷ್ಟಿ ಆಕ್ಬೇಡ ಬುಡು."

"ದಪ್ಪ ಅಲ್ಲ ಇದು. ಬಾವು. ನೋಡಿ." ಪವಿತ್ರ ಮಗಳ ಕಾಲನ್ನು ಒತ್ತಿ ತೋರಿಸಿದಳು.

"ಕೊಬ್ಬು ಕಣೆ. ತುಪ್ಪ ತಿಂದಿರೋ ಮೈ."

ಪವಿತ್ರ ಅತ್ತೆಯ ಕೈ ಹಿಡಿದು, ಆ ದಪ್ಪ ಮುಂಗೈಯನ್ನು ಹೆಬ್ಬೆಟ್ಟಿನಿಂದ ಒತ್ತಿ ಬಿಟ್ಟಳು. ಮಾಂಸ ತಟ್ಟನೆ ಮೇಲೆದ್ದಿತು. ಮಗುವಿನ ಕಾಲಿನ ಗುಳಿ ಇನ್ನೂ ಅಲ್ಲೇ ಇತ್ತು. ಗುರುಶಾಂತಮ್ಮ ಒಮ್ಮೆ ತನ್ನ ಕೈ ನೋಡಿಕೊಂಡಳು, ಒಮ್ಮೆ ಮೊಮ್ಮಗಳ ಕಾಲು ನೋಡಿದಳು. ಕ್ಯಾರಿಯರ್ ಕೆಳಗಿಟ್ಟು ಮಗುವಿನ ಪಕ್ಕ ಕುಕ್ಕರಿಸಿದಳು.

ತಾಯಿಯ ಕೂಗು ಕೇಳಿ ಶಿವಶಂಕರ ಬ್ಯಾರನ್ನಿನಿಂದ ಬಂದ. ಮೈಯೆಲ್ಲ ಬೆವರು, ಬೂದಿ. ಮಗಳ ಕಾಲನ್ನು ತಾನೂ ಒತ್ತಿ ನೋಡಿ ಮುಖ ಸಣ್ಣದು ಮಾಡಿಕೊಂಡ.

"ನಾಳಿದ್ದು ಬ್ಯಾರನ್ ಇಳೀತದೆ. ಇಳಿಸ್ಬುಟ್ಟು ಕರ್ಕೊಂಡೋಗವಾ ಪವಿತ್ರ. ಈಗ ಶಾಖ ಏರೋ ಟೈಮು, ಬುಟ್ರೆ ಒಂದೆಲೇನೂ ದಕ್ಕಲ್ಲ."

"ಸೊಪ್ಪು ದಕ್ಕುಸ್ಕಳ್ಳಿ. ನಾನು ಒಬ್ಳೇ ಓಯ್ತೀನಿ."

"ಬಾಣಂತಿ ಎಂಗೋದಿಯೇ? ನಾನೇನ್ ಬ್ಯಾಡ ಅಂದ್ನಾ? ಎರಡು ದಿನ..."

"ನಾನು ಕತ್ಲೇಲಿ ಕುಂತು ತಿಂಗಳು ಕಳ್ದಾಯ್ತು ಕಣ್ರೀ. ಇನ್ನೆರಡು ದಿನ ಇಲ್ಲ ನನ್ನತ್ರ."

ಜಗಲಿಯ ಮೇಲಿಂದ ಗುರುಮಲ್ಲಪ್ಪ ಎದ್ದ ಸದ್ದಾಯಿತು. ಯಾರೂ ಅವನನ್ನು ಕರೆದಿರಲಿಲ್ಲ. ಟವೆಲ್ಲನ್ನು ತಲೆಗೆ ಸುತ್ತುತ್ತ, "ಒಲೆ ನಾನ್ ನೋಡ್ಕತೀನಿ. ಓಗ್ಲಾ, ಬೆಳಗ್ಗೆ ಮೊದ್ಲು ಬಸ್ಸಿಗೇ ಓಗು. ನೀನ್ ಉಟ್ಟೋಕ್ ಮುಂಚಿಂದ ಸೊಪ್ಪು ಬೇಯ್ಸಿವ್ನಿ ನಾನು" ಎಂದ. ಎಲ್ಲ ಮಾತೂ ಅವನಿಗೆ ಕೇಳಿಸಿತ್ತು ಎಂಬುದನ್ನು ಆಗ ಯಾರೂ ಎತ್ತಿ ಆಡಲಿಲ್ಲ.

ಉಳಿದದ್ದು ಕೂಸು. ಆಸ್ಪತ್ರೆಯ ಜನಜಂಗುಳಿಗೆ ಅದನ್ನು ಒಯ್ಯುವುದು ಬೇಡವೆಂದು ಮಾಯಮ್ಮ ಫೋನಿನಲ್ಲಿ ಹೇಳಿದಳು. ಎದೆಹಾಲು ಹಿಂಡಿ, ಬಿಸಿನೀರಲ್ಲಿ ಕುದಿಸಿ ತೆಗೆದ ಲೋಟದಲ್ಲಿ ಮುಚ್ಚಿಟ್ಟು ಹೋದರೆ ಕೆಲವು ಗಂಟೆ ಕೆಡುವುದಿಲ್ಲ, ಒಳಲೆಯಲ್ಲಿ ಕುಡಿಸಬಹುದು. ಮಧ್ಯಾಹ್ನದೊಳಗೆ ನೀನು ವಾಪಸು ಬಾ. ಬೆಳಗ್ಗೆ ಪವಿತ್ರ ಹಾಗೇ ಮಾಡಿದಳು. ಗುರುಶಾಂತಮ್ಮ ಅಟ್ಟದಿಂದ ಹಳೆಯ ಬೆಳ್ಳಿ ಒಳಲೆಯನ್ನು ಇಳಿಸಿ ಬೂದಿಯಲ್ಲಿ ತಿಕ್ಕಿ, ಬಿಸಿನೀರಲ್ಲಿ ಕುದಿಸಿದಳು. ಮಕ್ಕಳಿಗೆ ಹಾಲೆರೆಯುವ ಆ ಮೂತಿಬಟ್ಟಲಲ್ಲಿ ಶಿವಶಂಕರನೂ ಕುಡಿದಿದ್ದ. ಹೊರಡುವ ಮುಂಚೆ ಪವಿತ್ರ ಅತ್ತೆಯ ಮುಂದೆ ನಿಂತಳು.

"ಅತ್ತೆ, ಒಂದೇ ಒಂದು ಕೇಳ್ತೀನಿ. ಕೆಂಡ ಬ್ಯಾಡ. ಎದೆ ಮ್ಯಾಲ್ ಆಕ್ಕಳಿ."

"ನಾನಾ? ಈ ವಯಸ್ನಲ್ಲಾ?"

"ಕಾವಿಗೆ ವಯಸ್ಸೇನು?"

ಬಸ್ಸು ಹೋದ ಮೇಲೆ ಗುರುಶಾಂತಮ್ಮ ಬಹಳ ಹೊತ್ತು ಅಗ್ಗಿಷ್ಟಿಕೆಯನ್ನು ನೋಡುತ್ತ ಕೂತಳು. ಕೂಸು ಸಣ್ಣಗೆ ಕುಂಯ್ ಎಂದಿತು. ಅದರ ಕಾಲು ಮುಟ್ಟಿದರೆ ತಣ್ಣಗಿತ್ತು. ಎದ್ದು ಬಾಗಿಲಿಗೆ ಅಗುಳಿ ಹಾಕಿದಳು, ಕಿಟಕಿಯಾಚೆ ಯಾರೂ ಇಲ್ಲವೆಂದು ಎರಡು ಸಲ ನೋಡಿದಳು, ಕುಪ್ಪಸದ ಗುಂಡಿ ಬಿಚ್ಚಿದಳು. ಕೂಸನ್ನು ಎದೆಗೆ ಆನಿಸಿಕೊಂಡು ಮೇಲೆ ತನ್ನ ಹಳೆಯ ಹತ್ತಿ ಸೀರೆಯನ್ನು ಎರಡು ಸುತ್ತು ಸುತ್ತಿ ಬಿಗಿದಳು. ಮೊದಲು ಕೂಸು ಮಿಸುಕಾಡಿತು. ಆಮೇಲೆ ಕೆನ್ನೆಯನ್ನು ಅವಳ ಎದೆಯ ಮೇಲೆ ಒತ್ತಿ, ಕಪ್ಪೆಯಂತೆ ಕಾಲು ಮಡಚಿ ನಿದ್ದೆ ಹೋಯಿತು. ಸ್ವಲ್ಪ ಹೊತ್ತಿಗೆ ಅದರ ಪಾದ ಬೆಚ್ಚಗಾಯಿತು.

"ಆಯ್ತಪ್ಪ, ಪ್ರಾಣಿ ಬಾಣಂತನವೇ ಆಗ್ಲಿ" ಎಂದಳು ಗುರುಶಾಂತಮ್ಮ, ಕೇಳುವವರಿಲ್ಲದ ಕೋಣೆಯಲ್ಲಿ. ಆಮೇಲೆ ಕೂಸಿನ ಟೋಪಿಯ ಮೇಲೆ ಗಲ್ಲವಿಟ್ಟು, "ನಿಮ್ಮಕ್ಕನ್ ದಾರ ನಾನೇ ಸಡ್ಲ ಮಾಡ್ದೆ ಕಣವ್ವಾ. ನಗ್ತಾ ನಗ್ತಾ ಸಡ್ಲ ಮಾಡ್ದೆ" ಎಂದಳು. ಅಷ್ಟು ಹೇಳುವುದರಲ್ಲಿ ಅಳು ಬಂತು. ಜೋರಾಗಿ ಅತ್ತರೆ ಎದೆ ಕುಲುಕಿ ಕೂಸು ಏಳುತ್ತದೆಂದು ಸದ್ದಿಲ್ಲದೆ ಅತ್ತಳು.

ಗುರುಮಲ್ಲಪ್ಪ ಒಲೆಗೆ ಸೌದೆ ತಳ್ಳಿ ಕಾಫಿಗೆಂದು ಬಂದು ಕಿಟಕಿಯಲ್ಲಿ ಇಣುಕಿದ. ಹೆಂಡತಿ "ಓಗ್ರಿ ಅತ್ಲಾಗೆ!" ಎಂದಳು. ಅವನು ಹೋಗಿ ತಾನೇ ಕಾಫಿ ಕಾಸಿಕೊಂಡ. ಮದುವೆಯಾದ ಮೇಲೆ ಇದು ಮೊದಲು. ಅವಳಿಗೂ ಒಂದು ಲೋಟ ತಂದು, ಮುಖ ತಿರುಗಿಸಿಕೊಂಡೇ ಕಿಟಕಿಯಲ್ಲಿಟ್ಟ.

ಮಧ್ಯಾಹ್ನದ ಬಿಸಿಲು ಇಳಿಯುವ ಮುಂಚೆ ಪವಿತ್ರ ಆಟೋದಲ್ಲಿ ಒಬ್ಬಳೇ ಬಂದಳು. ಕೈಕಾಲು ತೊಳೆದು ಕೂಸನ್ನು ಎತ್ತಿಕೊಂಡು ಹಾಲಿಗೆ ಹಾಕಿ, ಆಮೇಲೆ ಹೇಳಿದಳು. ಹುಣಸೂರಿನಲ್ಲಿ ಮೂತ್ರ ಪರೀಕ್ಷೆ ಮಾಡಿದರು. ಅಲ್ಲಿಂದಲೇ ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು, ಅಪ್ಪ ಮಗಳು ಹೋಗಿದ್ದಾರೆ.

"ಏನಂತೆ?"

"ಮೂತ್ರಪಿಂಡ ಜರಡಿ ಇದ್ದಂಗಂತೆ. ಒಳ್ಳೇದು ಉಳಿಸ್ಕಂಡು ಕೆಟ್ಟದ್ದು ಬುಡಬೇಕು. ಇವ್ಳದು ತಿಂದ ಸತ್ವಾನೇ ಉಚ್ಚೇಲಿ ಬುಡ್ತಾದಂತೆ. ಅದ್ಕೆ ನೀರು ಮೈಯೊಳ್ಗೆ ನಿಂತದೆ."

"ಗುಣ ಆಯ್ತದಾ?"

"ಮಾತ್ರೆಗೆ ಬಗ್ಗುದ್ರೆ ಆಯ್ತದಂತೆ. ಸುಮಾರು ಮಕ್ಕಳಿಗೆ ಬಗ್ತದಂತೆ. ಇನ್ನೂ ವಾರ ಬುಟ್ಟಿದ್ರೆ ಒಟ್ಟೆ ಒಳ್ಗೆ, ಎದೆ ಒಳ್ಗೆಲ್ಲ ನೀರು ತುಂಬ್ಕತಿತ್ತು ಅಂದ್ರು." ಪವಿತ್ರ ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು. "ಬೇದಿ ಆಗಿತ್ತಾ ಕೇಳುದ್ರು, ಜ್ವರ ಬಂದಿತ್ತಾ ಕೇಳುದ್ರು. ಮೂತ್ರದಲ್ಲಿ ನೊರೆ..."

"ಬತ್ತಿತ್ತು" ಎಂದಳು ಗುರುಶಾಂತಮ್ಮ. "ನಂಗೇಳಿದ್ಲು. ನಾನು ಥೂ ಅಂದೆ."

"ಗೊತ್ತು ಅತ್ತೆ. ಡಾಕ್ಟ್ರಿಗೆ ಅವ್ಳೇ ಏಳುದ್ಲು."

ಪವಿತ್ರ ಆ ಮಾತನ್ನು ಅಲ್ಲಿಗೇ ಬಿಟ್ಟಳು. ಬೈಯಲು ಅವಳ ಹತ್ತಿರ ಬೇಕಾದಷ್ಟಿತ್ತು. ಆದರೆ ಅತ್ತೆಯ ಕುಪ್ಪಸದ ಗುಂಡಿಗಳು ಅಡ್ಡಾದಿಡ್ಡಿ ಹಾಕಿದ್ದು ಅವಳ ಕಣ್ಣಿಗೆ ಬಿದ್ದಿತ್ತು. ಮಡಿಲಿನ ಕೂಸು ಬೆಚ್ಚಗೆ ಇತ್ತು.

"ನಾಳೆ ನಾನೋಯ್ತೀನಿ ಆಸ್ಪತ್ರೆಗೆ" ಎಂದಳು ಗುರುಶಾಂತಮ್ಮ. "ಮಗಾನ ನಾನೇ ನೋಡ್ಕತೀನಿ. ನೀನು ಈ ಕೂಸ್ನ ನೋಡ್ಕ. ಶಿವು ಬಂದು ಒಲೆ ನೋಡ್ಕಳ್ಲಿ."

"ನಿಮ್ಗೆ ಆಸ್ಪತ್ರೆ ವಾಸ್ನೆ ಆಗಲ್ವಲ್ಲ ಅತ್ತೆ."

"ಆಯ್ತದೆ ಬುಡು."

ಮೈಸೂರಿನ ಮಕ್ಕಳ ವಾರ್ಡಿನಲ್ಲಿ ಗುರುಶಾಂತಮ್ಮ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ವಾರ ಕಳೆದಳು. ಯಾವಾಗಿನಿಂದ ಬಾವು ಎಂದು ಡಾಕ್ಟರು ಕೇಳಿದಾಗ ಅವಳು ಮುಚ್ಚಿಡಲಿಲ್ಲ. "ಅಮಾಸೆಲಿ ಎರಡು ಬೆರಳು ತೂರ್ತಿತ್ತು ಸ್ವಾಮಿ. ವರಮಾಲಕ್ಷ್ಮಿಗೆ ತೂರ್ಲಿಲ್ಲ, ಸಡ್ಲ ಮಾಡ್ದೆ. ಉಣ್ಮೆ ಆದ್ ಸೋಮವಾರ ಮತ್ತೆ ಬಿಗಿ. ನಾನು ದಪ್ಪ ಆಯ್ತಾಳೆ ಅಂದ್ಕಂಡೆ." ಡಾಕ್ಟರು ಬರೆದುಕೊಂಡು, "ತುಂಬ ಜನ ಹಾಗೇ ಅಂದುಕೊಳ್ತಾರಮ್ಮ. ಇನ್ನು ಮೇಲೆ ಬೆರಳು ತೂರದೆ ಹೋದರೆ ಒತ್ತಿ ನೋಡಿ" ಎಂದರು. ಸಮಾಧಾನ ಹೇಳಿದ್ದು ಅವರು. ಸಮಾಧಾನ ಆಗದಿದ್ದದ್ದು ಅವಳಿಗೆ.

ದಾರವನ್ನು ದಾಖಲಾದ ದಿನವೇ ನರ್ಸ್ ಕತ್ತರಿಸಿ ತೆಗೆದಿದ್ದಳು. ಗುರುಶಾಂತಮ್ಮ ಹೊಸದೊಂದನ್ನು ಮಗುವಿನ ಬಾವಿನ ಅಳತೆಗೇ ಸಡಿಲವಾಗಿ ಕಟ್ಟಿದಳು. ದಿನಾ ಬೆಳಗ್ಗೆ ಡಾಕ್ಟರು ಟೇಪು ಹಿಡಿಯುವ ಮೊದಲೇ ಬೆರಳು ಹಾಕಿ ನೋಡುವಳು. ಮೊದಲ ದಿನಗಳಲ್ಲಿ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಗ್ಗೆ ಅನುಶ್ರೀ ಮೇಲಿಂದ ಮೇಲೆ ಬಚ್ಚಲಿಗೆ ಹೋಗತೊಡಗಿದಳು. ಅಜ್ಜಿ ಪ್ರತಿ ಸಲವೂ ಹಿಂದೆ ಹೋಗಿ ಬಗ್ಗಿ ನೋಡಿ ಬಂದಳು.

"ಅಜ್ಜೀ, ಥೂ! ಅದ್ನೇನ್ ನೋಡದು?" ಎಂದಳು ಹುಡುಗಿ.

"ನೊರೆ ಕಮ್ಮಿ ಆಗದಾ ಅಂತ ಕಣವ್ವಾ. ನೀನ್ ಏಳ್ದಾಗ ನೋಡ್ಬೇಕಾಗಿತ್ತು, ಈಗ್ ನೋಡ್ತಿವ್ನಿ."

ನೀರು ಇಳಿಯತೊಡಗಿತು. ಊರಿಗೆ ಬರುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಅನುಶ್ರೀ ನಿಂತಲ್ಲೇ ಲಂಗದೊಳಗಿನಿಂದ ದಾರ ಜಾರಿ ಕಾಲ ಬುಡಕ್ಕೆ ಬಿತ್ತು. ಬೇರೆ ಕಾಲದಲ್ಲಾಗಿದ್ದರೆ ಮಗು ಸೊರಗಿತೆಂದು ಗುರುಶಾಂತಮ್ಮ ಊರೆಲ್ಲ ಒಂದು ಮಾಡುತ್ತಿದ್ದಳು. ಈಗ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಕುಪ್ಪಸದೊಳಗೆ ಇಟ್ಟುಕೊಂಡಳು. ಪಕ್ಕದಲ್ಲಿ ನಿಂತವರು ದೇವರ ದಾರವಿರಬೇಕೆಂದು ತಿಳಿದರು.

ಮಾತ್ರೆ ತಿಂಗಳುಗಟ್ಟಲೆ ನುಂಗಬೇಕು, ಮಾತ್ರೆಯಿಂದ ಮುಖ ಒಂದಿಷ್ಟು ದಿನ ದುಂಡಗೇ ಇರಬಹುದು, ಬಾವು ಪೂರ್ತಿ ಇಳಿಯುವ ತನಕ ಉಪ್ಪು ಅತಿ ಕಡಿಮೆ. ನೆಗಡಿ ಜ್ವರ ಬಂದಾಗ ಮತ್ತೆ ಮರುಕಳಿಸಬಹುದು, ಮೂತ್ರವನ್ನು ಮನೆಯಲ್ಲೇ ಕಾಗದದ ಪಟ್ಟಿ ಅದ್ದಿ ನೋಡುತ್ತಿರಬೇಕು. ಇದೆಲ್ಲ ಪವಿತ್ರ ನೋಡಿಕೊಂಡಳು. ಉಪ್ಪಿನ ವಿಚಾರ ಮಾತ್ರ ಅಡುಗೆಮನೆಯದು, ಅಂದರೆ ಗುರುಶಾಂತಮ್ಮನದು.

ಮೊದಲ ದಿನ ಅನುಶ್ರೀ ಸಪ್ಪೆ ಸಾರಿನ ತುತ್ತನ್ನು ಉಗಿದಳು. "ಚೆನ್ನಾಗಿಲ್ಲ. ಉಪ್ನಕಾಯಿ ಕೊಡು."

ಗುರುಶಾಂತಮ್ಮನ ಉಪ್ಪಿನಕಾಯಿಗೆ ಹುಣಸೂರಿನ ನೆಂಟರು ಡಬ್ಬ ಹಿಡಿದು ಬರುತ್ತಿದ್ದರು. ಅವಳು ಎದ್ದು ಆ ಜಾಡಿಗಳನ್ನೆಲ್ಲ ಅಟ್ಟದ ಮೇಲಿಟ್ಟು ಬಂದು, ತನ್ನ ತಟ್ಟೆಗೂ ಅದೇ ಸಪ್ಪೆ ಸಾರು ಬಡಿಸಿಕೊಂಡಳು.

"ನಾನೂ ಉಂತೀನಿ ನೋಡು. ಯಾರು ಮೊದ್ಲು ಮುಗಿಸ್ತಾರೋ ಅವ್ರು ಗೆದ್ದಂಗೆ."

"ಅತ್ತೆ, ನೀವ್ಯಾಕೆ?" ಎಂದಳು ಪವಿತ್ರ.

"ನನ್ ನಾಲ್ಗೆಗೂ ವಸಿ ಬುದ್ಧಿ ಬರ್ಲಿ ಬುಡು."

ಗುರುಮಲ್ಲಪ್ಪನನ್ನು ಯಾರೂ ಕೇಳಲಿಲ್ಲ, ಆದರೂ ಸಾರು ಒಂದೇ ಪಾತ್ರೆಯದು. ಅವನು ಬ್ಯಾರನ್ನಿನ ಮೂಲೆಯಲ್ಲಿ ಒಂದು ಪೊಟ್ಟಣ ಉಪ್ಪು ಬಚ್ಚಿಟ್ಟುಕೊಂಡು ಊಟವನ್ನು ಅಲ್ಲಿಗೇ ತರಿಸಿಕೊಳ್ಳತೊಡಗಿದ. ಶಿವಶಂಕರನಿಗೆ ಇದು ಗೊತ್ತಿತ್ತು, ಪೊಟ್ಟಣದಲ್ಲಿ ಅವನಿಗೂ ಪಾಲಿತ್ತು. ಬಾಣಂತಿ ಕೋಣೆಯ ಕಿಟಕಿಗೆ ಗೋಣಿ ಮತ್ತೆ ಬರಲಿಲ್ಲ. ಪವಿತ್ರ ಸ್ನಾನಕ್ಕೋ ಊಟಕ್ಕೋ ಎದ್ದರೆ ಕೂಸು ಸರದಿಯ ಮೇಲೆ ಅಜ್ಜಿಯ ಎದೆಗೆ, ಸೊಪ್ಪಿಲ್ಲದ ದಿನ ಅಪ್ಪನ ಎದೆಗೆ ಹೋಗುತ್ತಿತ್ತು. ಅಗ್ಗಿಷ್ಟಿಕೆ ಹಿತ್ತಲಲ್ಲೇ ಉಳಿಯಿತು. ಅದರೊಳಗೆ ಬೆಕ್ಕು ಮರಿ ಹಾಕಿತು.

ಕೊನೆಯ ಬ್ಯಾರನ್ ಇಳಿದು, ಸೊಪ್ಪು ಹರಾಜಿಗೆ ಹೋಗಿ, ದೀಪಾವಳಿ ಹತ್ತಿರ ಬಂತು. ಅನುಶ್ರೀಯ ಮೂತ್ರದ ಪಟ್ಟಿ ಬಣ್ಣ ತಿರುಗದೆ ಬಹಳ ದಿನಗಳಾಗಿದ್ದವು. ಕೆನ್ನೆ ಹಳೆಯ ಹಾಗೆ ಸಣ್ಣಗಾಗುತ್ತ ಬಂದಿತ್ತು, ಬೆಳ್ಳಿ ಕಡಗ ಕಾಲಲ್ಲಿ ಸರಾಗ ತಿರುಗುತ್ತಿತ್ತು. ಹಬ್ಬದ ಬೆಳಗ್ಗೆ ಎಣ್ಣೆ ಸ್ನಾನ. ಗುರುಶಾಂತಮ್ಮ ಹಿರಿಯವಳನ್ನು ಮೀಯಿಸಿ ಕಳಿಸಿ, ಕಾಲು ನೀಡಿ ಕೂತು ಚಿಕ್ಕದನ್ನು ಕಾಲ ಮೇಲೆ ಹಾಕಿಕೊಂಡಳು. ನಾಮಕರಣದ ದಿನ ತಾನೇ ಕಟ್ಟಿದ ಉಡಿದಾರದೊಳಗೆ ಬೆರಳು ತೂರಿಸಲು ನೋಡಿದಳು.

ಒಂದು ಬೆರಳೂ ಹೋಗಲಿಲ್ಲ.

ಚೊಂಬು ಹಿಡಿದು ನಿಂತಿದ್ದ ಪವಿತ್ರ ಅದನ್ನು ನೋಡಿ ಚೊಂಬನ್ನು ಕೆಳಗಿಟ್ಟಳು. ಅಜ್ಜಿಯ ಮುಖ ನೋಡಿ ಅನುಶ್ರೀ ಓಡಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಗುರುಶಾಂತಮ್ಮ ಕೂಸಿನ ಪುಟ್ಟ ಕಾಲನ್ನು ಬೆಳಕಿಗೆ ತಿರುಗಿಸಿ, ಮೂಳೆಯ ಮೇಲೆ ಹೆಬ್ಬೆಟ್ಟು ಒತ್ತಿದಳು. ಒತ್ತಿ, ಒಂದು ಗಳಿಗೆ ಕೈ ತೆಗೆಯಲಿಲ್ಲ. ತೆಗೆದು ನೋಡುವ ಧೈರ್ಯ ಬರಲಿಲ್ಲ.

"ತಗಿ ಅಜ್ಜಿ" ಎಂದಳು ಅನುಶ್ರೀ.

ತೆಗೆದಳು. ಎಣ್ಣೆ ಮೆತ್ತಿದ ಮಾಂಸ ಪಟಕ್ಕನೆ ಮೇಲೆದ್ದಿತು, ಗುರುತೂ ಉಳಿಯಲಿಲ್ಲ. ಇನ್ನೊಂದು ಕಾಲನ್ನೂ ಒತ್ತಿದಳು. ಅದೂ ಎದ್ದಿತು. ಕೂಸು ಸಿಟ್ಟು ಬಂದು ಆ ಕಾಲಿನಿಂದಲೇ ಅಜ್ಜಿಯ ಹೊಟ್ಟೆಗೆ ಒದೆಯಿತು.

"ದಪ್ಪ ಕಣೇ ಪವಿತ್ರಾ!" ಗುರುಶಾಂತಮ್ಮನ ಕೂಗಿಗೆ ಬೀದಿಯ ನಾಯಿ ಬೊಗಳಿತು. "ದಪ್ಪ ಆಗವ್ಳೆ ಕಣೇ, ದಿಟ್ವಾಗ್ಲೂ ದಪ್ಪವೇ!"

"ನಂಗೂ ಒತ್ತು ಅಜ್ಜಿ" ಎಂದು ಅನುಶ್ರೀ ತನ್ನ ಸಣ್ಣ ಕಾಲನ್ನು ಮುಂದೆ ಚಾಚಿದಳು.